ಹುಳಿಮಾವು ಕೆರೆಗೆ ಕಡಕ್ ರೊಟ್ಟಿ

ಬಿಟಿಎಂ ಬಡಾವಣೆಯ ನಮ್ಮ ಬಾಡಿಗೆ ರೂಮಿಗೆ ಬೀಗ ಹಾಕಿ ಹೊರಟಾಗ ಭಾನುವಾರ ಮಧ್ಯಾಹ್ನ ಒಂದೂವರೆ ಗಂಟೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬನ್ನೇರುಘಟ್ಟ ರಸ್ತೆಯವರೆಗೆ ನಡೆದು, ತಲಾ ಮೂರು ರೂಪಾಯಿ ಟಿಕೆಟ್ ಕೊಟ್ಟು ಬಸ್ಸಿನಲ್ಲಿ ಹುಳಿಮಾವಿಗೆ ಹೋಗಿ, ಕೆರೆಯಲ್ಲಿ ಮೀನು ಹಿಡಿಯುವುದು. ಇಷ್ಟೇ ಪ್ರಯಾಣ. ಇಷ್ಟಕ್ಕೆ ನನ್ನ ರೂಮ್‌ಮೇಟ್ ಮಲ್ಲಿಕಾರ್ಜುನ ಮೂರು ಸಲ ಅಂಗಿ ಬದಲಾಯಿಸಿದ್ದ.

ಕಾರಣವಿತ್ತು. ನಮ್ಮ ಆಫೀಸಿನ ಗೆಳೆಯ ಮಂಜುವಿನ ತಂಗಿ ಲತಾಳನ್ನು ಮದುವೆಯಾಗುವ ಆಸೆ ಅವನಿಗೆ. ಲತಾ ಒಪ್ಪಿದ್ದಳು. ಗದಗಿನಲ್ಲಿದ್ದ ಅವನ ಅವ್ವನೂ ಅತ್ತು ಕರೆದು ಒಪ್ಪಿದ್ದರು. ಲತಾಳ ಅಪ್ಪ ಪಾಪಣ್ಣನವರು ಮಾತ್ರ, ಮಂಜು ವಿಷಯ ತಿಳಿಸಿ ಮೂರು ತಿಂಗಳಾದರೂ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಊರು ಬೇರೆ, ಜಾತಿ ಬೇರೆ, ಎಲ್ಲಕ್ಕಿಂತ ಹೆಚ್ಚಾಗಿ ತಟ್ಟೆ ಬೇರೆ. ಅವರದು ಭಾನುವಾರ ಮೀನಿಲ್ಲದೆ ಊಟ ಸೇರದ ಮನೆ. ಮಲ್ಲ ಮೊಟ್ಟೆಯನ್ನೂ ಮುಟ್ಟದವನು. ಈಗ ಅವರೇ ಕೆರೆಗೆ ಬರಹೇಳಿದ್ದರು. ಇವತ್ತು ಕೇಳಿಯೇ ಬಿಡುತ್ತೇನೆಂದು ಮಲ್ಲ ಬಸ್ಸಿನುದ್ದಕ್ಕೂ ಮಾತು ಬಾಯಿಪಾಠ ಮಾಡಿದ.

ಪಾಪಣ್ಣನವರು ಒಂದು ಕಾಲಕ್ಕೆ ಆ ಕೆರೆಯ ಕೆಳಗೆ ರಾಗಿ ಬೆಳೆದವರು, ಈಗ ನಾಲ್ಕು ಬಾಡಿಗೆ ಮನೆಗಳ ಮಾಲೀಕರು. ತಲೆಗೆ ಟವೆಲ್ ಸುತ್ತಿ ದಡದ ಕಲ್ಲಿನ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಬಿದಿರು ಗಾಳಗಳು, ಎರೆಹುಳುವಿನ ಡಬ್ಬ, ಬಕೆಟ್ಟು. ಕೊರವ ಮೀನಿನ ಮೇಲೆ ಅವರ ಕಣ್ಣು. ನಮ್ಮಂಥವರಿಗೆ ಜಿಲೇಬಿ ಮೀನು ಸಿಕ್ಕರೆ ಸಾಕಂತೆ.

"ಗಾಳ ನೀರಲ್ಲಿದ್ದಾಗ ಮಾತಾಡಂಗಿಲ್ಲ ಮಗಾ, ಅಪ್ಪನ ರೂಲು," ಅಪ್ಪನ ಜೊತೆ ಮೊದಲೇ ಬಂದಿದ್ದ ಮಂಜು ಪಿಸುಗುಟ್ಟಿದ. ಮಲ್ಲನ ಬಾಯಿಪಾಠಕ್ಕೆ ಅಲ್ಲೇ ಕಲ್ಲು ಬಿತ್ತು.

ಎರೆಹುಳು ನೋಡಿ ಅವನ ಮುಖ ಹುಳ್ಳಗಾಯಿತು. ಮೆಲ್ಲನೆ ಚೀಲದಿಂದ ಕಡಕ್ ರೊಟ್ಟಿ ತೆಗೆದ.

"ಏನಪ್ಪಾ ಅದು?" ಪಾಪಣ್ಣನವರು ಕೇಳಿದರು.

"ಜೋಳದ ರೊಟ್ಟಿರೀ. ನಮ್ಮವ್ವ ಕಳ್ಸ್ಯಾಳ."

"ಮೀನಿಗಾ?"

ಮಲ್ಲ ತಲೆಯಾಡಿಸಿ, ರೊಟ್ಟಿ ನೆನೆಸಿ, ಉಂಡೆ ಕಟ್ಟಿ ಗಾಳಕ್ಕೆ ಮೆತ್ತಿದ. ಜೋಳದ ಹಿಟ್ಟಿಗೆ ಜಿಗುಟೆಲ್ಲಿಂದ ಬರಬೇಕು? ನೀರಿಗಿಳಿದ ಕೂಡಲೇ ಪುಡಿಪುಡಿ. ಛಲ ಬಿಡದೆ ಐದು ರೊಟ್ಟಿ ಮುಗಿಸಿದ. ಆದರೆ ಆ ಪುಡಿ ತಿನ್ನಲು ಜಿಲೇಬಿಗಳ ಸಂತೆಯೇ ನೆರೆಯಿತು. ಪಾಪಣ್ಣನವರು ಕೊರವದ ಆಸೆ ಬಿಟ್ಟು, ಸದ್ದಿಲ್ಲದೆ ಪಕ್ಕಕ್ಕೆ ಸರಿದು, ಹುಳು ಚುಚ್ಚಿದ ತಮ್ಮ ಗಾಳವನ್ನು ಅಲ್ಲಿಗೇ ಬಿಟ್ಟರು. ಮಲ್ಲ ಬಡಿಸಿದ, ಅವರು ಹಿಡಿದರು. ಐದು ಗಂಟೆಯ ಹೊತ್ತಿಗೆ ಬಕೆಟ್ಟಿನಲ್ಲಿ ಒಂಬತ್ತು ಮೀನು, ಮಲ್ಲನದು ಒಂದೂ ಇಲ್ಲ. ನಗು ತಡೆಯಲು ನಾನೂ ಮಂಜುವೂ ಪಟ್ಟ ಪಾಡು ಅಷ್ಟಿಷ್ಟಲ್ಲ.

ಗಾಳ ಸುತ್ತಿದ ಮೇಲೆ ಮಲ್ಲ ಎದ್ದು ನಿಂತ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು.

"ಅಂಕಲ್, ನಾ ಲತಾನ್ನ ಲಗ್ನಾ ಆಗಬೇಕಂತ ಮಾಡೀನ್ರಿ. ಮೀನ ತಿನ್ನೂದು ನನ್ನ ಕೈಲೆ ಆಗಂಗಿಲ್ರಿ. ಅದಕ್ಕ ಒಲ್ಲೆ ಅನ್ನೋದಿದ್ರ ಇಲ್ಲೇ ಅಂದುಬಿಡ್ರಿ." ದನಿ ನಡುಗುತ್ತಿತ್ತು. ನನ್ನ ನಗು ಎಲ್ಲಿ ಹೋಯಿತೋ.

ಪಾಪಣ್ಣನವರು ನೀರಿನ ಅಂಚಿಗೆ ಹೋಗಿ, ಮಣ್ಣು ಹಚ್ಚಿ ಕೈ ತಿಕ್ಕಿ ತಿಕ್ಕಿ ತೊಳೆದರು.

"ಇಷ್ಟು ದಿನ ನೀನು ಮಂಜು ಕೈಲಿ ಹೇಳಿಸ್ತಿದ್ದೆ. ನೀನೇ ಬಂದು ಕೇಳ್ಲಿ ಅಂತ ನಾನು ಸುಮ್ನಿದ್ದೆ," ಅಂದರು. "ಹೋದ ವಾರ ಲತಾ ಅವ್ವ ಜಯನಗರಕ್ಕೋಗಿ ಹೊಸ ಪಾತ್ರೆ ತಂದವ್ಳೆ. ಮೀನಿನ ಸೌಟು ಕೂಡ ತಾಕ್ಸಿಲ್ಲ. ನಿಂಗೇ ಅಂತ ಎತ್ತಿಟ್ಟವ್ಳೆ. ಈಗ ಅದ್ರಲ್ಲಿ ಕಾಳುಸಾರು ಬೇಯ್ತಾ ಐತೆ. ನಡಿ, ಆರೋಗ್ತದೆ."

ಮಲ್ಲ ಕಣ್ಣೊರೆಸಿಕೊಳ್ಳುವುದನ್ನು ನೋಡಬಾರದೆಂದು ನಾನೂ ಮಂಜುವೂ ಮುಂದೆ ನಡೆದೆವು. ಕೆರೆಯ ಏರಿಯಿಂದ ಇಳಿಯುವಾಗ ತಡೆಯಲಾಗದೆ ಒಮ್ಮೆ ತಿರುಗಿ ನೋಡಿದೆ. ಕೆರೆಯ ಮೇಲೆ ಬಿಸಿಲು ಹಳದಿಗೆ ತಿರುಗಿತ್ತು. ಪಾಪಣ್ಣನವರು ಮೀನಿನ ಬಕೆಟ್ಟನ್ನು ಎಡಗೈಯಲ್ಲಿ ದೂರ ಹಿಡಿದು, ತೊಳೆದ ಬಲಗೈಯನ್ನು ಮಲ್ಲನ ಹೆಗಲ ಮೇಲಿಟ್ಟು ಬರುತ್ತಿದ್ದರು.