ಕೆಂಪು ಲೈನಿಂಗ್ ಹೊಲಿಯುವ ದೊಡ್ಡಮ್ಮ

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ಒಂಬತ್ತನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು. ಸರಿಯಾದ ಪದ ಸಿಗದ ಕಡೆ ಕೈಗೆ ಸಿಕ್ಕ ಪದ ಹಾಕಿದ್ದೇನೆ. ಹೆಸರು ಮಾಡದವರ ಬಗ್ಗೆಯೂ ಬರೆದು ಕಳಿಸಬಹುದು ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅದಕ್ಕೇ ನಮ್ಮ ದೊಡ್ಡಮ್ಮನ ಬಗ್ಗೆ ಬರೆಯುತ್ತಿದ್ದೇನೆ.

ದೊಡ್ಡಮ್ಮ ಬಟ್ಟೆ ಹೊಲಿಯುತ್ತಾರೆ, ನಾನು ಅವರ ಜೊತೆ ಕೆಲಸಕ್ಕಿದ್ದೇನೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯೇ ಅವರ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಕಿಟಕಿಗೆ ಅಡ್ಡವಾಗಿ ಒಂದು ತಂತಿ. ತಂತಿಯ ಮೇಲೆ ಕುಸ್ತಿಯವರ ನಿಲುವಂಗಿಗಳು ತೂಗುತ್ತಿರುತ್ತವೆ. ಮಧ್ಯಾಹ್ನದ ಬಿಸಿಲು ಅವುಗಳನ್ನು ಹಾದು ಬಂದಾಗ ಕೋಣೆಯೆಲ್ಲ ನೇರಳೆ, ಹಸಿರು ಆಗಿ, ಕೆರೆಯ ತಳದಲ್ಲಿ ಕೂತ ಹಾಗಿರುತ್ತದೆ. ಆಗ ದೊಡ್ಡಮ್ಮನ ಕಾಲು ನಿಧಾನವಾಗುತ್ತದೆ, ಯಂತ್ರ ತೊದಲುತ್ತದೆ. ಅವರು ಕಣ್ಣು ತೆರೆದುಕೊಂಡೇ ಕನಸಿಗೆ ಇಳಿದಿರುತ್ತಾರೆ.

ಅವರು ಇಪ್ಪತ್ತು ವರ್ಷ ಶಾಲೆಯ ಸಮವಸ್ತ್ರ ಹೊಲಿದರು. ಒಂದೇ ಬಣ್ಣ, ಒಂದೇ ಜೇಬು. ಒಂದು ದಿನ ಕುಸ್ತಿ ಕಂಪನಿಯ ಯಜಮಾನರು ಹರಿದ ನಿಲುವಂಗಿ ತಂದು ಮೇಜಿನ ಮೇಲೆ ಹಾಕಿದರಂತೆ.

"ಇದನ್ನ ಹಾಕ್ಕೊಳ್ಳೋನು ಒಳ್ಳೆಯವನೋ ಕೆಟ್ಟವನೋ?" ಎಂದು ದೊಡ್ಡಮ್ಮ ಕೇಳಿದರು.

"ಅದನ್ನ ಕಟ್ಕೊಂಡು ನಿಮಗೇನಕ್ಕ?"

"ಕೆಟ್ಟವನಾದ್ರೆ ಕಾಲರ್ ಎತ್ತರ ಇಡ್ತೀನಿ."

ಅಂದಿನಿಂದ ಕಂಪನಿಯ ಹೊಲಿಗೆಯೆಲ್ಲ ಇವರದೇ.

ಹಳೆಯ ಗೋದಾಮಿನಲ್ಲಿ ಭಾನುವಾರ ಮಧ್ಯಾಹ್ನ ನಡೆಯುವ ಈ ಕುಸ್ತಿ ಸ್ಪರ್ಧೆಯಲ್ಲ, ಆಟ. ಯಾರು ಗೆಲ್ಲಬೇಕು, ಯಾರು ಯಾರಿಗೆ ಮೋಸ ಮಾಡಬೇಕು ಎಂಬ ಕಥೆಯನ್ನು ಯಜಮಾನರು ಮೊದಲೇ ಕಟ್ಟಿರುತ್ತಾರೆ. ಬೀಳುವುದು ಮಾತ್ರ ನಿಜ. ಜನಕ್ಕೆ ಬಹಳ ಇಷ್ಟವಾದದ್ದು 'ಕರಿಮೋಡ' ತಂಡ. ಅದರಲ್ಲಿ ನಾಲ್ವರು. ಮೊದಲನೆಯವರು ಗೋಡೆಯಣ್ಣ. ತಂಡಕ್ಕೆಲ್ಲ ಹಿರಿಯರು. ಮಾತಿಲ್ಲ, ಕಥೆಯಿಲ್ಲ, ಮೂಲೆಯಲ್ಲಿ ನಿಂತಿರುತ್ತಾರೆ. ಎದುರಾಳಿ ಓಡಿ ಬಂದು ಅವರಿಗೆ ಡಿಕ್ಕಿ ಹೊಡೆದು ತಾನೇ ಬೀಳುತ್ತಾನೆ. ಎರಡನೆಯವನು ಸಿಡಿಲು, ಬಾಯಿ ಜೋರು. ಉಳಿದಿಬ್ಬರು ಅಣ್ಣತಮ್ಮಂದಿರು, ಅವರನ್ನು ಎಲ್ಲರೂ ಜೋಡೆತ್ತು ಎನ್ನುತ್ತಾರೆ.

ಮೊದಲು ಯಜಮಾನರು ಕಥೆಯನ್ನು ಆಟಗಾರರಿಗೇ ಹೇಳುತ್ತಿದ್ದರು. ಒಮ್ಮೆ ಸಿಡಿಲು ಕ್ಷೌರದಂಗಡಿಯಲ್ಲಿ ಬಾಯಿ ಬಿಟ್ಟ. ಭಾನುವಾರದ ಹೊತ್ತಿಗೆ ಬೀದಿ ಮಕ್ಕಳಿಗೂ ಕಥೆ ಗೊತ್ತಾಗಿತ್ತು. ಆಮೇಲೆ ಹೊಸ ಪದ್ಧತಿ ಬಂತು. ಯಜಮಾನರು ದೊಡ್ಡಮ್ಮನಿಗೆ ಮಾತ್ರ ಹೇಳುತ್ತಾರೆ. ತಂಡದ ಮೇಲೆ ತಿರುಗಿಬೀಳಬೇಕಾದವನ ನಿಲುವಂಗಿಗೆ ನಾವು ಒಳಗಡೆ ಕೆಂಪು ಲೈನಿಂಗ್ ಹೊಲಿಯುತ್ತೇವೆ, ಉಳಿದವರಿಗೆ ಕಪ್ಪು. ನಾಲ್ಕನ್ನೂ ಮಡಿಸಿ ದಾರ ಕಟ್ಟಿ ಕಳಿಸುತ್ತೇವೆ. ರಿಂಗಿಗೆ ಹೋಗುವ ಮುಂಚೆಯಷ್ಟೇ ಅವರು ದಾರ ಬಿಚ್ಚುತ್ತಾರೆ. ಕೆಂಪು ಬಂದವನು ತಂಡದ ಹಿರಿಯನನ್ನು ಎತ್ತಿ ರಿಂಗಿನಿಂದ ಕೆಳಗೆ ಹಾಕಬೇಕು. ಅದೇ ನಿಯಮ. ಯಾವುದು ಯಾರದೆಂದು ಅಂಗಡಿಗೆ ಬಂದವರಿಗೆ ತಿಳಿಯಬಾರದೆಂದು ನಿಲುವಂಗಿಯ ಮೇಲೆ ಹೆಸರು ಬರೆಯುವುದಿಲ್ಲ. ಹೆಗಲಿನ ಅಳತೆಯ ಚೀಟಿ ಚುಚ್ಚಿರುತ್ತೇವೆ. ನನಗೆ ನಾಲ್ಕು ಅಳತೆಯೂ ಬಾಯಿಪಾಠ. ಗೋಡೆಯಣ್ಣ ಇಪ್ಪತ್ತೆರಡು ಇಂಚು, ಸಿಡಿಲು ಇಪ್ಪತ್ತು.

ದೊಡ್ಡಮ್ಮನಿಗೆ ಯಜಮಾನರ ಕಥೆ ಸಾಲುವುದಿಲ್ಲ. ಮೇಜಿನ ಮೇಲೆ ನಾಲ್ಕು ದಾರದ ರೀಲು ನಿಲ್ಲಿಸಿ ತಮ್ಮದೇ ತಂಡ ಕಟ್ಟುತ್ತಾರೆ. "ಈ ಎತ್ತು ಆ ಎತ್ತಿನ ಮೇಲೆ ಮುನಿಸ್ಕೊಂಡ್ರೆ? ಸಿಡಿಲಿಗೆ ಒಂದು ತಿಂಗಳು ಮೌನವ್ರತ ಕೊಟ್ರೆ? ಪಾಪ, ಸತ್ತೇ ಹೋಗ್ತಾನೆ," ಎಂದು ರೀಲುಗಳನ್ನು ಜರುಗಿಸುತ್ತಾ ನಗುತ್ತಾರೆ. ನಾನು ಕಾಜಾ ಹೊಲಿಯುತ್ತಾ ಕೇಳುತ್ತೇನೆ. ಯಾರ ಎದುರೂ ಬಾಯಿ ಬಿಡದ ನನಗೆ ಅದು ಹಿತ.

ಹೋದ ತಿಂಗಳು ನಾಲ್ವರಿಗೂ ಹೊಸ ನಿಲುವಂಗಿ ಆಗಬೇಕಿತ್ತು. ಗೋಡೆಯಣ್ಣ ಅಳತೆ ಕೊಡಲು ಬಂದರು.

"ಕೈ ಎತ್ತಣ್ಣ."

"ಎತ್ತಿದೆ ಅಕ್ಕ."

"ನಾನು ನಿಮಗಕ್ಕ, ನೀವು ನನಗಣ್ಣ. ಇಬ್ಬರಲ್ಲಿ ಒಬ್ಬರು ವಯಸ್ಸು ಕದ್ದಿದೀವಿ."

ಗೋಡೆಯಣ್ಣ ನಕ್ಕರು. ದೊಡ್ಡಮ್ಮ ಹೆಗಲಿಗೆ ಟೇಪು ಇಟ್ಟರು, ತೆಗೆದರು, ಮತ್ತೆ ಇಟ್ಟರು. ಎಷ್ಟೆಂದು ಹೇಳದೆ ಚೀಟಿಯಲ್ಲಿ ಬರೆದುಕೊಂಡರು.

"ಮಂಡಿ ಹೇಗಿದೆ?"

"ಇನ್ನೊಂದು ಸಲ ಬಿದ್ರೆ ಕೋಲೇ ಗತಿ ಅಂದ್ರು ಡಾಕ್ಟರು." ಅವರು ಮೆಟ್ಟಿಲ ಕಡೆ ನೋಡಿ ದನಿ ತಗ್ಗಿಸಿದರು. "ಯಜಮಾನರಿಗೆ ಹೇಳ್ಬೇಡಿ. ನಾಳೆಯಿಂದಲೇ ಮನೇಲಿ ಕೂರಿಸ್ತಾರೆ. ಮನೇಲಿ ಕೂತು ನಾನೇನು ಮಾಡ್ಲಿ?"

ದೊಡ್ಡಮ್ಮ ಮಾತು ಕೊಟ್ಟರು. ಎರಡು ದಿನ ಬಿಟ್ಟು ಯಜಮಾನರು ಬಂದು ಕಥೆ ಹೇಳಿದರು: ಈ ಭಾನುವಾರ ಕೆಂಪು ಸಿಡಿಲಿಗೆ. ಅವನು ಗೋಡೆಯಣ್ಣನನ್ನು ಎತ್ತಿ ಕೆಳಗೆ ಎಸೆಯಬೇಕು.

"ಬೇರೆ ಥರ ಮಾಡೋಕಾಗಲ್ವಾ? ಜೋಡೆತ್ತುಗಳನ್ನ ಒಡೆದ್ರೆ..."

"ಅಕ್ಕ, ನೀವು ಬಟ್ಟೆ ಹೊಲೀರಿ, ಕಥೆ ನಾನು ಹೊಲೀತೀನಿ."

ದೊಡ್ಡಮ್ಮ ಆ ದಿನ ರೀಲು ಮುಟ್ಟಲಿಲ್ಲ. ಶುಕ್ರವಾರ ಅವರು ಬಟ್ಟೆ ತರಲು ಹೋಗುವಾಗ, "ಕೆಂಪು ಸಿಡಿಲಿಂದಕ್ಕೆ, ಉಳಿದದ್ದಕ್ಕೆ ಕಪ್ಪು," ಎಂದಷ್ಟೇ ಹೇಳಿದರು. ನಾನು ರಾಶಿಯಲ್ಲಿ ಇಪ್ಪತ್ತರ ಚೀಟಿ ಹುಡುಕಿದೆ, ಸಿಕ್ಕಿತು. ಅಂಚು ಎರಡು ಸಲ, ತೋಳು ಎರಡು ಸಲ ನೋಡಿ ಕೆಂಪು ಹೊಲಿದೆ. ಉಳಿದ ಮೂರರ ಚೀಟಿಯನ್ನು ಓದಲಿಲ್ಲ. ಮೂರಕ್ಕೂ ಕಪ್ಪೇ ತಾನೇ? ಸಂಜೆ ಕಂಪನಿಯವರು ಬಂದು ಗಂಟನ್ನು ಒಯ್ದರು.

ಭಾನುವಾರ ಗೋದಾಮಿನ ಎತ್ತರದ ಗಾಜಿನಿಂದ ಬೆಳಕು ಓರೆಯಾಗಿ ಬಿದ್ದು ಧೂಳು ಹೊಳೆಯುತ್ತಿತ್ತು. ಸಿಡಿಲು, ಜೋಡೆತ್ತು ರಿಂಗಿಗಿಳಿದು ಎದುರು ತಂಡದೊಡನೆ ಸೆಣಸುತ್ತಿದ್ದರು. ಗೋಡೆಯಣ್ಣ ನಿಲುವಂಗಿ ಬಿಚ್ಚದೆ ಮೂಲೆಯಲ್ಲಿ ನಿಂತಿದ್ದರು. ನಾನು ದೊಡ್ಡಮ್ಮನ ಕೈ ಹಿಡಿದಿದ್ದೆ. ಸಿಡಿಲು ಬಿದ್ದು, ಎಂದಿನಂತೆ ಗೋಡೆಯಣ್ಣನ ಕಡೆ ಕೈ ಚಾಚಿದ. ಗೋಡೆಯಣ್ಣ ಆ ಕೈಯನ್ನು ಸುಮ್ಮನೆ ನೋಡಿದರು. ಆಮೇಲೆ ನಿಲುವಂಗಿಯನ್ನು ನಿಧಾನವಾಗಿ ಎರಡೂ ಕಡೆ ಬಿಡಿಸಿದರು.

ಒಳಗೆಲ್ಲ ಕೆಂಪು.

ತಂಡದ ಹಿರಿಯರು ಅವರೇ. ಎತ್ತಿ ಎಸೆಯಬೇಕಾದವರೂ ಅವರೇ, ಎಸೆಸಿಕೊಳ್ಳಬೇಕಾದವರೂ ಅವರೇ. ಇಂಥದ್ದಕ್ಕೆ ನಿಯಮವೇ ಇರಲಿಲ್ಲ. ಅವರು ನಿಲುವಂಗಿ ಕಳಚಿ, ಕೆಂಪು ಮೇಲಾಗುವಂತೆ ಮಡಿಸಿ, ಸಿಡಿಲಿನ ಚಾಚಿದ ಕೈಯ ಪಕ್ಕ ಇಟ್ಟರು. ಬೆನ್ನು ತಿರುಗಿಸಿ, ರಿಂಗಿನ ಮೆಟ್ಟಿಲ ಮೇಲೆ ಒಂದೊಂದೇ ಕಾಲು ಇಡುತ್ತಾ ಇಳಿದರು. ಜನ ದಾರಿ ಬಿಟ್ಟುಕೊಟ್ಟರು. ಗೋಡೆ ಎದ್ದು ನಡೆದು ಹೋಗುವುದನ್ನು ಎಲ್ಲರೂ ಒಂದೇ ಕನಸು ಬಿದ್ದವರಂತೆ ನೋಡಿದರು. ಮೂಲೆ ಖಾಲಿಯಾದ ತಂಡ ಎರಡೇ ನಿಮಿಷದಲ್ಲಿ ಸೋತಿತು.

"ದೊಡ್ಡಮ್ಮ, ನಾನು ಇಪ್ಪತ್ತಕ್ಕೇ ಹಾಕಿದ್ದೆ."

"ಎರಡು ಇಪ್ಪತ್ತಿತ್ತು ಕಣೆ, ನಿನ್ನ ಕೈಗೆ ಸಿಕ್ಕಿದ್ದು ಗೋಡೆಯಣ್ಣಂದು. ಅವರು ಎರಡು ಇಂಚು ಕುಗ್ಗಿದಾರೆ. ನಿನಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ."

ಸೋಮವಾರ ಯಜಮಾನರು ಮೆಟ್ಟಿಲು ಹತ್ತಿ ಬಂದ ಸದ್ದಿಗೇ ಸಿಟ್ಟು ಗೊತ್ತಾಗುತ್ತಿತ್ತು. "ಯಾರ ಕೆಲಸ ಇದು?"

"ನಂದು," ಎಂದರು ದೊಡ್ಡಮ್ಮ.

"ಅಲ್ಲ, ನಂದು," ಎಂದೆ. ಹೊರಗಿನವರ ಎದುರು ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ಯಜಮಾನರು ಸ್ಟೂಲ್ ಎಳೆದು ಕೂತರು. "ಊರೆಲ್ಲ ಗೋಡೆ ಎಲ್ಲಿ ಹೋದ ಅಂತ ಕೇಳ್ತಿದೆ. ಮುಂದಿನ ವಾರ ಏನು ಮಾಡ್ಲಿ? ಕರೆಸಿ ಬೀಳಿಸೋಣ ಅಂದ್ರೆ, ನಿನ್ನೆ ಅವನು ಮೆಟ್ಟಿಲು ಇಳಿದದ್ದು ನೋಡ್ದೆ. ಅದು ನಟನೆ ಅಲ್ಲ. ನಿಮಗೆ ಗೊತ್ತಿತ್ತು ಅಲ್ವಾ ಅಕ್ಕ?"

ದೊಡ್ಡಮ್ಮ ನಾಲ್ಕು ರೀಲು ತಂದು ಮೇಜಿನ ಮೇಲೆ ನಿಲ್ಲಿಸಿದರು. ಬಿಳಿಯವೆರಡು ಜೋಡೆತ್ತು, ಅವನ್ನು ಬೇರೆ ಮಾಡಿದರು. "ತಮ್ಮನಾದೋನು ಸಿಡಿಲಿನ ಕಡೆ ಉಳೀತಾನೆ. ಅಣ್ಣ ಗೋಡೆಯಣ್ಣನ್ನ ಹುಡುಕ್ಕೊಂಡು ಹೋಗ್ತಾನೆ." ಗೋಡೆಯಣ್ಣನ ಕಪ್ಪು ರೀಲನ್ನು ಹಿಡಿದು, ಎಲ್ಲಿಡುವುದೆಂದು ತಿಳಿಯದೆ ನನ್ನ ಮುಖ ನೋಡಿದರು.

"ರಿಂಗಿನ ಹೊರಗೆ, ಕುರ್ಚಿ ಮೇಲೆ," ಎಂದೆ. "ಅವರು ಬರೀ ಕೂತಿರಲಿ. ಎದ್ದು ನಿಂತ್ರೆ ಸಾಕು, ಸಿಡಿಲು ಓಡ್ಬೇಕು."

"ಓಡ್ತಾನಾ?" ಎಂದರು ಯಜಮಾನರು.

"ಓಡಿಸಿ. ಬಾಯಿ ಜೋರಿರೋನು ಓಡಿದ್ರೆ ಜನ ನಗ್ತಾರೆ," ಎಂದರು ದೊಡ್ಡಮ್ಮ.

ಯಜಮಾನರು ಕಪ್ಪು ರೀಲನ್ನು ತೆಗೆದುಕೊಂಡು ಮೇಜಿನ ಅಂಚಿಗೆ ಇಟ್ಟರು. "ಕುರ್ಚಿ ಮೇಲೆ ಕೂರೋನಿಗೆ ನಿಲುವಂಗಿ ಒಪ್ಪಲ್ಲ. ಕೋಟು ಹೊಲೀರಿ," ಎಂದು ಎದ್ದರು. ಗೋಡೆಯಣ್ಣನಿಗೆ ವಿಷಯ ತಿಳಿಸಲು ಅವರೇ ಹೋದರು.

ದೊಡ್ಡಮ್ಮ ಬೂದು ಬಣ್ಣದ ಬಟ್ಟೆ ಆರಿಸಿದ್ದಾರೆ. ನಾಳೆ ಬೆಳಿಗ್ಗೆ ನಾನು ಅದನ್ನು ಆಮೇಲೆ ಕುಗ್ಗದಂತೆ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ, ಮಧ್ಯಾಹ್ನ ಕತ್ತರಿಸಲು ಕೂರುತ್ತೇನೆ.