ಭಟ್ಟಿಗೆ ಸುರಿದ ಎರಡು ತಂಬಿಗೆ ನೀರು

ಎಪ್ಪತ್ತರ ದಶಕದಲ್ಲಿ ನಾನು ಶಲವಡಿಯಿಂದ ಸೈಕಲ್ ತುಳಿದು ಅಣ್ಣಿಗೇರಿಯ ಎರಕದ ಕಾರ್ಖಾನೆಗೆ ಹೋಗುತ್ತಿದ್ದೆ. ಕಾರ್ಖಾನೆ ಎನ್ನುವುದು ದೊಡ್ಡ ಮಾತಾಯಿತು. ತಗಡಿನ ಚಪ್ಪರ, ಒಂದು ಭಟ್ಟಿ, ಆರು ಜನ. ಗುಜರಿ ಕಬ್ಬಿಣ ಕರಗಿಸಿ ಹಿಟ್ಟಿನ ಗಿರಣಿಗೆ ಗಾಲಿ ಎರೆಯುತ್ತಿದ್ದೆವು. ಭಟ್ಟಿಯ ಉಸ್ತುವಾರಿ ಮೇಸ್ತ್ರಿ ಕಾಕಾ ಅವರದು. ಒಂದು ಹೊತ್ತಿನ ನಮಾಜು ತಪ್ಪಿಸದ ಅವರೇ ದಸರೆಯ ಖಂಡೇಪೂಜೆಯ ದಿನ ಮುಂದೆ ನಿಂತು ನಮ್ಮಿಂದ ಭಟ್ಟಿ ತೊಳೆಸಿ, ಅದಕ್ಕೆ ವಿಭೂತಿ ಹಚ್ಚಿಸುತ್ತಿದ್ದರು. ಅವರದು ಒಂದೇ ಕಟ್ಟಪ್ಪಣೆ: “ಹೊರಗ ಎಷ್ಟ ಬೇಕಾದ್ರೂ ತೊಳೀರಿ. ಒಳಗ ಒಂದ ಹನಿ ಬೀಳಬಾರದು.” ಭಟ್ಟಿಯ ತಳಕ್ಕೆ ಹಾಸಿದ ಮರಳು ಹಸಿಯಿದ್ದರೆ, ಕರಗಿದ ಕಬ್ಬಿಣ ಅದರ ಮೇಲೆ ಇಳಿದಾಗ ನೀರು ಉಗಿಯಾಗಿ ಭಟ್ಟಿಯನ್ನೇ ಸಿಡಿಸುತ್ತದೆ.

ನನಗಾಗ ಇಪ್ಪತ್ತೈದು, ಎಲ್ಲ ತಿಳಿದ ವಯಸ್ಸು. ದೇವರೆಂದು ಪೂಜಿಸುವುದನ್ನು ಬರೀ ಮುಖ ತೊಳೆದು ಕೂರಿಸುವುದೇ ಎಂದು, ಆ ವರ್ಷ ಪೂಜೆಯ ದಿನ ಯಾರೂ ಇಲ್ಲದಾಗ ಮೇಲಿನಿಂದ ಭಟ್ಟಿಯೊಳಗೆ ಎರಡು ತಂಬಿಗೆ ನೀರು ಸುರಿದೆ.

ಮರುದಿನ ಬೆಂಕಿ ಹಾಕುವ ಮೊದಲು ಕಾಕಾ ಕೇಳಿದರು. “ಒಳಗ ನೀರ ಹಾಕಿಲ್ಲ, ಹೌದಿಲ್ಲೋ?”

ಹಾಕಿದ್ದೇನೆಂದರೆ ಮರಳೆಲ್ಲ ತೆಗೆದು ಹೊಸದು ತುಂಬಬೇಕು, ದಿನವೆಲ್ಲ ಹಾಳು, ಮೇಲೆ ಬೈಗುಳ. ಬೆಂಕಿಗೆ ತಾನೇ ಒಣಗುತ್ತದೆ ಬಿಡು ಅಂದುಕೊಂಡೆ.

“ಇಲ್ರಿ ಕಾಕಾ.”

ಕಬ್ಬಿಣ ಕರಗತೊಡಗಿತು. ಕಾಕಾ ಭಟ್ಟಿಯ ಬಾಯಿಗೆ ಬಗ್ಗಿದ್ದರು, ನಾನು ಎರಕ ಹೊಯ್ಯುವ ಸೌಟು ಹಿಡಿದು ಪಕ್ಕಕ್ಕೆ ನಿಂತಿದ್ದೆ. ಅವರು ತಟ್ಟನೆ ತಿರುಗಿ ನನ್ನ ಎದೆಗೆ ಕೈಕೊಟ್ಟು ದಬ್ಬಿದರು. ಮರಳಿನ ರಾಶಿಯ ಮೇಲೆ ಬಿದ್ದೆ. ಅಷ್ಟರಲ್ಲಿ ಭಟ್ಟಿಯ ತಳ ಸಿಡಿಯಿತು. ನನ್ನ ಅಂಗಿಯ ತೋಳು ಸುಟ್ಟಿತು, ಅಷ್ಟೇ. ಅವರ ಒಂದು ಕಣ್ಣು ಹೋಯಿತು. ಬಲಗೈ ಬೆರಳುಗಳು ಬೆಂದು ಮಡಚಿಕೊಂಡವು.

ಗುಜರಿಯಲ್ಲೇ ಏನೋ ಇದ್ದಿರಬೇಕು ಎಂದರು ಮಾಲೀಕರು. ನಾನೂ ತಲೆಯಾಡಿಸಿದೆ. ಅಂಥ ಹೇಡಿ ನಾನು. ಹುಬ್ಬಳ್ಳಿಯ ದವಾಖಾನೆಗೆ ಬಾಳೆಹಣ್ಣು ಹಿಡಿದು ಮೂರು ಸಲ ಹೋದೆ, ಹಣ್ಣು ಇಟ್ಟು ಹಾಗೇ ಮರಳಿದೆ. ನಾಲ್ಕನೆಯ ಸಲ ನೀರು ಸುರಿದದ್ದನ್ನು ಹೇಳಿಬಿಟ್ಟೆ.

“ಗೊತ್ತೈತಿ,” ಅಂದರು ಕಾಕಾ. “ತಳದಾಗ ಚುಯ್ ಅಂದದ್ದು ಕೇಳಿಸ್ತು. ಅದಕ್ಕ ನಿನ್ನ ದಬ್ಬಿದ್ನಿ.”

ನಾನು ಅವರ ಮಂಚದ ಪಕ್ಕ ಕುಸಿದು ಕೂತು ಅತ್ತೆ.

“ಅಳಬ್ಯಾಡ್ಲೇ. ಹಣ್ಣು ಸುಲದ ಕೊಡು, ನನಗ ಆಗೂದಿಲ್ಲ.”

ಈ ಮಾತನ್ನು ಅವರು ಮತ್ತೆ ಯಾರೆದುರೂ ಎತ್ತಲಿಲ್ಲ. ಮುಂದಿನ ವರ್ಷ ಖಂಡೇಪೂಜೆಯ ಹೊತ್ತಿಗೆ ಕೆಲಸಕ್ಕೂ ಬಂದರು. ಪೂಜೆಯ ಮರುದಿನ ಬೆಳಗ್ಗೆ ಅದೇ ಪ್ರಶ್ನೆ.

“ಇಲ್ರಿ ಕಾಕಾ. ಖರೇನ ಇಲ್ರಿ.”

“ಹೂಂ,” ಎಂದು ಅವರು ಕೆಳಗೆ ಕುಳಿತು, ಆ ಮಡಚಿದ ಬೆರಳುಗಳ ಕೈಯನ್ನು ಭಟ್ಟಿಯ ತಳದ ಬಾಗಿಲೊಳಗೆ ತೂರಿಸಿ, ಮೂಲೆಮೂಲೆಯ ಮರಳನ್ನೂ ಮುಟ್ಟಿ ನೋಡಿದರು. ಅವರು ಕೈ ಹೊರಗೆ ತೆಗೆಯುವವರೆಗೆ ನಾನು ಕಡ್ಡಿಪೆಟ್ಟಿಗೆ ಹಿಡಿದು ನಿಂತೇ ಇದ್ದೆ.