ಟಪ್ಪು ಇಳಿಸಿ ಕಟ್ಟುವ ಬೆಲೆ

ಎರಡನೇ ಮಹಾಯುದ್ಧಕ್ಕೆ ಮೊದಲು, ಹಳೆಯ ಗಾಡಿಗಳಿಗೆ ಬೆಲೆ ಕಟ್ಟುವ ಸವಣೂರಿನ ಸಿರಾಜುದ್ದೀನ ಮಿಸ್ತ್ರಿಯನ್ನು ಕೇಳದೆ ನಮ್ಮ ನಾಲ್ಕು ತಾಲೂಕುಗಳಲ್ಲಿ ಹಳೆಯ ಮೋಟಾರು ಹಾರ್ನನ್ನೂ ಬಾರಿಸುತ್ತಿರಲಿಲ್ಲ. ಟಪ್ಪು, ಅಂದರೆ ಬಟ್ಟೆಯ ಚಾವಣಿ, ಮಡಚುವ ಗಾಡಿಯಾದರಂತೂ ಬಾನೆಟ್ಟಿಗೆ ಕಿವಿ ಹಚ್ಚಿ, ಅದು ಹಿರೇಕೆರೂರಿನಲ್ಲಿ ಕೊಂದ ಕೋಳಿಗಳ ಲೆಕ್ಕ ಹೇಳುತ್ತಿದ್ದ. ಆಮೇಲೆ ಟಪ್ಪು ಇಳಿಸಿ, ಮಾರುವವರನ್ನೇ ಕೂರಿಸಿ ಒಂದು ಸುತ್ತು ಹಾಕುತ್ತಿದ್ದ. ಅವರು ಇಳಿಯಲು ತಡಮಾಡಿದಷ್ಟೂ ಬೆಲೆ ಏರುತ್ತಿತ್ತು. ಶಿಗ್ಗಾಂವಿಯ ವಕೀಲರು ತೀರಿಕೊಂಡ ಮೇಲೆ ಅವರ ಹೆಂಡತಿ ಗೋಪಿಕಾಬಾಯಿ ಗಾಡಿ ಮಾರಲು ನಿಂತರು. ಹೆಂಗಸರು ಕೂತಾಗ ಟಪ್ಪು ಏರಿಸಿಯೇ ಇರಬೇಕೆಂಬುದು ವಕೀಲರ ಕಟ್ಟಪ್ಪಣೆಯಾಗಿತ್ತು. ಮಿಸ್ತ್ರಿ ಟಪ್ಪು ಇಳಿಸಿ ಅವರನ್ನು ಸುತ್ತಿಸಿಕೊಂಡು ಬಂದಾಗ, ಕೊಳ್ಳಲು ಬಂದ ಸಾಹುಕಾರರು ಕೇಳಿದರು: “ಬೆಲಿ ಎಷ್ಟಾತೋ ಮಿಸ್ತ್ರಿ?” “ಬಾಯಾರು ಇನ್ನೂ ಇಳದಿಲ್ರಿ.” ಗೋಪಿಕಾಬಾಯಿ ಸೀಟಿನಿಂದಲೇ ಅಂದರು: “ಸಾಹುಕಾರ್ರ, ನಿಮ್ಮ ಬಸ್ಸಿನ ಹೊತ್ತಾತು. ಮಿಸ್ತ್ರಿ, ಹಾನಗಲ್ಲ ಕಡೆ ತಿರುಗಸು. ಆ ಹಾದಿ ನಾ ಬರೇ ಟಪ್ಪಿನ ಕಿಂಡ್ಯಾಗ ನೋಡೇನಿ.”